ಮಾಸಿದ ಕಾರಿನ ಬಣ್ಣಕ್ಕೆ ಮನೆಯಲ್ಲೇ ಪಾಲಿಶ್: ಮೊದಲ ಸಲ ಕೈ ಹಾಕುವವರಿಗೆ

ವರ್ಷಗಟ್ಟಲೆ ಯಾರೂ ಗಮನ ಕೊಡದ ಕಾರಿನ ಬಣ್ಣವನ್ನು ತಾವೇ ಸರಿಮಾಡಿಕೊಳ್ಳಲು ಹೊರಟ ಓದುಗರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಹಳೆಯ ಕೆಂಪು ಕಾರು, ಸೆಕೆಂಡ್ ಹ್ಯಾಂಡ್ ಕೊಂಡದ್ದು. ಸದಾ ಬಿಸಿಲಿನಲ್ಲೇ ನಿಲ್ಲುತ್ತದೆ. ಬಾನೆಟ್ ಮಂಕಾಗಿದೆ, ಕೈಯಾಡಿಸಿದರೆ ಕೆಂಪು ಪುಡಿ ಹತ್ತುತ್ತದೆ. ರೂಫಿನಲ್ಲಿ ಪುಡಿ ಬರುವುದಿಲ್ಲ, ಆದರೆ ಅಂಗೈ ಅಗಲದ ಬಿಳಿ ಮಚ್ಚೆ ಎದ್ದಿದೆ. ನಾನು ಪಾಲಿಶಿಂಗ್ ಮಷಿನ್ ಹಿಡಿದವನೇ ಅಲ್ಲ. ಮನೆಯಲ್ಲೇ ಸರಿಹೋಗುತ್ತದೆಯೇ?

ಉತ್ತರ: ಬಾನೆಟ್ ಸರಿಹೋಗುತ್ತದೆ. ರೂಫಿನ ಮಚ್ಚೆ ಬಹುಶಃ ಹೋಗುವುದಿಲ್ಲ. ಯಾಕೆಂದರೆ ನೀವು ಹೇಳುತ್ತಿರುವುದು ಎರಡು ಬೇರೆ ಬೇರೆ ಕಾಯಿಲೆ.

ಕಾರಿನ ಬಣ್ಣದಲ್ಲಿ ಎರಡು ಬಗೆ. ಹಳೆಯ ಕಾರುಗಳಲ್ಲಿ, ಮುಖ್ಯವಾಗಿ ಮೆಟಾಲಿಕ್ ಅಲ್ಲದ ಕೆಂಪು, ಬಿಳಿ, ಕಪ್ಪು ಬಣ್ಣಗಳಲ್ಲಿ, ಬಣ್ಣವೂ ಹೊಳಪೂ ಒಂದೇ ಪದರದಲ್ಲಿರುತ್ತವೆ. ಈಗಿನ ಹೆಚ್ಚಿನ ಕಾರುಗಳಲ್ಲಿ ಬಣ್ಣದ ಮೇಲೆ ಬಣ್ಣವಿಲ್ಲದ ಇನ್ನೊಂದು ಪದರ ಇರುತ್ತದೆ, ಅದೇ ಕ್ಲಿಯರ್ ಕೋಟ್. ಒಂದೇ ಪದರದ ಬಣ್ಣ ಬಿಸಿಲಿಗೆ ಸವೆದಾಗ ಮೇಲ್ಮೈ ಪುಡಿಯಾಗುತ್ತದೆ. ಆ ಪುಡಿಯ ಕೆಳಗೆ ಒಳ್ಳೆಯ ಬಣ್ಣ ಇನ್ನೂ ಇರುತ್ತದೆ, ಮೇಲಿನ ಸತ್ತ ಭಾಗ ತೆಗೆದರೆ ಹೊರಗೆ ಬರುತ್ತದೆ. ಕ್ಲಿಯರ್ ಕೋಟ್ ಹಾಗಲ್ಲ. ಅದು ಕೊನೆಯ ಹಂತಕ್ಕೆ ಬಂದಾಗ ಕೆಳಗಿನ ಬಣ್ಣದಿಂದ ಬಿಟ್ಟುಕೊಂಡು ಮೊದಲು ಬೆಳ್ಳಗಾಗುತ್ತದೆ, ಆಮೇಲೆ ಅಂಚಿನಿಂದ ಸಿಪ್ಪೆ ಏಳುತ್ತದೆ. ಮಚ್ಚೆಯ ಅಂಚಿನ ಮೇಲೆ ಉಗುರು ಆಡಿಸಿ ನೋಡಿ. ಮೆಟ್ಟಿಲಿನ ಹಾಗೆ ಏರುತಗ್ಗು ಸಿಕ್ಕರೆ ಅಲ್ಲಿ ಕ್ಲಿಯರ್ ಕೋಟ್ ಕಿತ್ತುಹೋಗಿದೆ ಎಂದರ್ಥ. ಅಲ್ಲಿ ಪಾಲಿಶ್ ಹಾಕಿದರೆ ಸಿಪ್ಪೆ ಇನ್ನಷ್ಟು ಅಗಲವಾಗುತ್ತದೆ. ಮತ್ತೆ ಬಣ್ಣ ಹೊಡೆಸುವುದೊಂದೇ ದಾರಿ. ನೀರು ಹಾಕಿದಾಗ ಮಚ್ಚೆ ಮಾಯವಾದಂತೆ ಕಂಡರೆ ಆಸೆ ಪಡಬೇಡಿ, ಒದ್ದೆಯಾದ ಯಾವ ಬಣ್ಣವೂ ಚೆನ್ನಾಗಿಯೇ ಕಾಣುತ್ತದೆ.

ಒಂದೇ ಕಾರಿನಲ್ಲಿ ಬಾನೆಟ್ ಪುಡಿಯಾಗುತ್ತ, ರೂಫ್ ಸಿಪ್ಪೆ ಬಿಡುತ್ತ ಇದ್ದರೆ ರೂಫಿಗೆ ಯಾವಾಗಲೋ ಬೇರೆ ಬಣ್ಣ ಹೊಡೆದಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ಪ್ರತಿ ಭಾಗವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ. ಚೆನ್ನಾಗಿ ತೊಳೆದ ಜಾಗದಲ್ಲಿ ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಚ್ಚಿ ಅಂಗೈಯಷ್ಟು ಜಾಗ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅದು ಒಂದೇ ಪದರದ ಬಣ್ಣ. ಬೂದು ಕೊಳೆ ಮಾತ್ರ ಬಂದರೆ ಮೇಲೆ ಕ್ಲಿಯರ್ ಕೋಟ್ ಇದೆ. ಬಿಳಿ ಕಾರಿಗೆ ಕಪ್ಪು ಬಟ್ಟೆ ಬೇಕು. ಪಾಲಿಶ್ ಕೂಡ ಬಿಳಿಯದಾಗಿದ್ದರೆ ಈ ಪರೀಕ್ಷೆ ಗೊಂದಲ ಮಾಡುತ್ತದೆ, ಬೇರೆ ಬಣ್ಣದ ಪಾಲಿಶ್ ತೆಗೆದುಕೊಳ್ಳಿ.

ಒಂದು ಲೆಕ್ಕ ಸದಾ ತಲೆಯಲ್ಲಿರಲಿ. ಕ್ಲಿಯರ್ ಕೋಟ್‌ನ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ತಲೆಕೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಇರುತ್ತದೆ. ಪಾಲಿಶ್ ಎಂದರೆ ಈ ತೆಳುಪದರವನ್ನು ಇನ್ನಷ್ಟು ತೆಳುಮಾಡುವುದು. ಗಡುಸು ಕಾಂಪೌಂಡ್‌ನಲ್ಲಿ, ಅಂದರೆ ದಪ್ಪ ಕಣಗಳಿರುವ ಪಾಲಿಶ್‌ನಲ್ಲಿ, ಒಂದು ಸುತ್ತು ಮುಗಿಸಿದರೆ ಕೆಲವು ಮೈಕ್ರಾನ್ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಇದೇ ಪದರ. ಹಾಗಾಗಿ ಎಲ್ಲ ಗೀರೂ ಹೋಗಲೇಬೇಕು ಎಂದು ಹಟ ಹಿಡಿಯುವುದಕ್ಕಿಂತ, ಮುಕ್ಕಾಲು ಪಾಲು ಹೋಗಿ ಪದರ ಉಳಿಯುವುದು ಮೇಲು.

ಪ್ರಶ್ನೆ: ಶಾಂಪೂ ಹಾಕಿ ತೊಳೆದರೆ ಸಾಲದೇ? ಬಣ್ಣಕ್ಕೆ ಕಚ್ಚಿದ ಕೊಳೆ ಎತ್ತುವ, ಜೇಡಿಮಣ್ಣಿನಂಥ ಮೆತ್ತನೆಯ ತುಂಡು ಕ್ಲೇ ಬಾರ್ ಯಾಕೆ ಬೇಕು?

ಉತ್ತರ: ತೊಳೆದು ಒಣಗಿಸಿದ ಮೇಲೆ ಕೈಯನ್ನು ತೆಳು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾನೆಟ್ ಮೇಲೆ ಸವರಿ. ಬರಿಗೈಗೆ ನುಣುಪೆನಿಸಿದ್ದು ಈಗ ತರಿತರಿಯಾಗಿ ಸಿಗುತ್ತದೆ. ಬ್ರೇಕ್‌ನಿಂದ ಹಾರಿದ ಕಬ್ಬಿಣದ ಕಣ, ಡಾಂಬರು, ಮರದ ಅಂಟು, ಪಕ್ಕದಲ್ಲಿ ಯಾರೋ ಪೇಂಟ್ ಸ್ಪ್ರೇ ಮಾಡಿದಾಗ ಬಂದು ಕೂತ ಹನಿ, ಇವೆಲ್ಲ ಬಣ್ಣಕ್ಕೆ ಕಚ್ಚಿಕೊಂಡಿರುತ್ತವೆ. ಶಾಂಪೂ ಇವನ್ನು ಅಲುಗಿಸುವುದಿಲ್ಲ. ಇವು ಇದ್ದಂತೆಯೇ ಪಾಲಿಶ್ ಮಾಡಿದರೆ ಪ್ಯಾಡ್‌ನಲ್ಲಿ ಸಿಕ್ಕಿಕೊಂಡ ಒಂದು ಕಣ ಹಂದಿಯ ಬಾಲದಂಥ ಸುರುಳಿ ಗೀರು ಎಳೆಯುತ್ತದೆ. ಆ ಗೀರು ನೀವು ತೆಗೆಯಲು ಹೊರಟ ಗೀರಿಗಿಂತ ಆಳ.

ತೊಳೆಯಲು ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಅದ್ದಿ ಹಿಂಡಲು ಬರೀ ನೀರು. ರೂಫಿನಿಂದ ಶುರುಮಾಡಿ, ಬಾಗಿಲುಗಳ ಕೆಳಭಾಗ ಕೊನೆಗೆ. ಡಾಂಬರು ಕಲೆಗೆ ಟಾರ್ ರಿಮೂವರ್. ಆಮೇಲೆ ಐರನ್ ರಿಮೂವರ್ ಸಿಂಪಡಿಸಿ 3ರಿಂದ 5 ನಿಮಿಷ ಬಿಡಿ. ಕಬ್ಬಿಣದ ಕಣ ಇದ್ದ ಕಡೆಯೆಲ್ಲ ನೇರಳೆ ಬಣ್ಣ ಇಳಿಯುತ್ತದೆ. ಒಣಗಲು ಬಿಡದೆ ತೊಳೆಯಬೇಕು, ಲೋಹ ತಣ್ಣಗಿರಬೇಕು, ನೆರಳಿನಲ್ಲಿರಬೇಕು. ವಾಸನೆ ಕೆಟ್ಟದಾಗಿರುತ್ತದೆ, ಗಾಳಿಯಾಡುವ ಜಾಗವಿರಲಿ, ಕೈಗವಸು ಇರಲಿ.

ಇಷ್ಟಾದ ಮೇಲೆ ಕ್ಲೇ. 50 ಗ್ರಾಂ ತುಂಡಿದ್ದರೆ ಅದರಲ್ಲಿ ಕಾಲುಭಾಗ ಮುರಿದುಕೊಂಡು ಚಪ್ಪಟೆ ಮಾಡಿ. ಮೇಲ್ಮೈ ಯಾವಾಗಲೂ ಜಾರುವಂತಿರಬೇಕು: ಕ್ಲೇಗೆಂದೇ ಸಿಗುವ ದ್ರವ ಅಥವಾ ಶಾಂಪೂ ಬೆರೆಸಿದ ನೀರನ್ನು ಧಾರಾಳವಾಗಿ ಸಿಂಪಡಿಸಿ. ಭಾರ ಹಾಕದೆ, ವೃತ್ತ ಸುತ್ತದೆ, ನೇರ ಗೆರೆಯಲ್ಲಿ ಹಿಂದೆಮುಂದೆ ಆಡಿಸಿ. ಮೊದಲು ಕರಕರ ಸದ್ದು ಬರುತ್ತದೆ. ಸದ್ದು ನಿಂತು ಕ್ಲೇ ಸಲೀಸಾಗಿ ಜಾರಿದರೆ ಆ ಜಾಗ ಮುಗಿಯಿತು. ಕೊಳೆಯಾದ ಮುಖವನ್ನು ಒಳಗೆ ಮಡಚಿ ಹೊಸ ಮುಖ ತೆಗೆಯುತ್ತಿರಿ. ನೆಲಕ್ಕೆ ಬಿದ್ದ ಕ್ಲೇಯನ್ನು ಎಸೆಯಿರಿ, ತೊಳೆದು ಬಳಸುವಂಥದ್ದಲ್ಲ ಅದು. ಕ್ಲೇಯಿಂದ ಸಣ್ಣ ಮಂಜುಗೀರು ಬಿದ್ದರೆ ಚಿಂತೆಯಿಲ್ಲ, ಪಾಲಿಶ್‌ನಲ್ಲಿ ಹೋಗುತ್ತದೆ.

ಪ್ರಶ್ನೆ: ಯಾವ ಮಷಿನ್ ಕೊಳ್ಳಲಿ? ಮನೆಯಲ್ಲಿರುವ ಡ್ರಿಲ್‌ಗೆ ಪ್ಯಾಡ್ ಸಿಕ್ಕಿಸಿದರೆ ಆಗದೇ?

ಉತ್ತರ: ಡ್ರಿಲ್ ಬೇಡ. ಡ್ರಿಲ್ ಮತ್ತು ರೋಟರಿ ಪಾಲಿಶರ್ ಒಂದೇ ಕೇಂದ್ರದ ಸುತ್ತ ತಿರುಗುತ್ತವೆ, ಕಾವೆಲ್ಲ ಒಂದೇ ಕಡೆ ಸೇರುತ್ತದೆ. ಅಂಚಿನಲ್ಲಿ ಎರಡು ಕ್ಷಣ ಹೆಚ್ಚು ನಿಂತರೂ ಬಣ್ಣ ಸುಟ್ಟುಹೋಗಬಹುದು. ಹೊಸಬರಿಗೆ ಡ್ಯುಯಲ್ ಆಕ್ಷನ್ ಪಾಲಿಶರ್ ತಕ್ಕದ್ದು. ಅದರ ಪ್ಯಾಡ್ ತಿರುಗುತ್ತಲೇ ಓಲಾಡುತ್ತದೆ, ಒತ್ತಡ ಜಾಸ್ತಿಯಾದರೆ ತಿರುಗುವುದು ತಾನಾಗಿ ನಿಲ್ಲುತ್ತದೆ. ತಪ್ಪು ಮಾಡಿದರೂ ಸುಧಾರಿಸಿಕೊಳ್ಳಲು ಸಮಯ ಕೊಡುತ್ತದೆ. 15 ಮಿಲಿಮೀಟರ್ ಓಲಾಟ, 125 ಮಿಲಿಮೀಟರ್ ಬ್ಯಾಕಿಂಗ್ ಪ್ಲೇಟ್ (ಪ್ಯಾಡ್ ಅಂಟಿಸುವ ತಟ್ಟೆ), ಅದಕ್ಕೆ ಸುಮಾರು 140 ಮಿಲಿಮೀಟರ್ ಪ್ಯಾಡ್, ಇಷ್ಟಿದ್ದರೆ ಇಡೀ ಕಾರಿಗೆ ಸಾಕು.

ದುಡ್ಡು ಉಳಿಸುವುದಾದರೆ ಮಷಿನ್‌ನಲ್ಲಿ ಉಳಿಸಿ, ಪ್ಯಾಡ್‌ನಲ್ಲಿ ಬೇಡ. ಒಂದೇ ಪ್ಯಾಡ್‌ನಲ್ಲಿ ಇಡೀ ಕಾರು ಮುಗಿಸಲು ಹೋಗುವುದು ಹೊಸಬರ ದೊಡ್ಡ ತಪ್ಪು. ಪಾಲಿಶ್ ಮತ್ತು ಸವೆದ ಬಣ್ಣ ಕುಡಿದ ಪ್ಯಾಡ್ ಉಜ್ಜುವುದನ್ನು ನಿಲ್ಲಿಸಿ ಬರೀ ಕಾವು ಹುಟ್ಟಿಸುತ್ತದೆ. ಮಧ್ಯಮ ಫೋಮ್ ಪ್ಯಾಡ್ 4, ಗಡುಸಿನದು 2, ಮೆತ್ತನೆಯದು 2 ಇರಲಿ. ಬಣ್ಣ ನೋಡಿ ಪ್ಯಾಡ್ ಕೊಳ್ಳಬೇಡಿ. ಒಂದು ಕಂಪನಿಯ ಕಿತ್ತಳೆ ಪ್ಯಾಡ್ ಇನ್ನೊಂದು ಕಂಪನಿಯದಕ್ಕಿಂತ ಗಡುಸಾಗಿರಬಹುದು, ಪೊಟ್ಟಣದ ಮೇಲಿನ ವಿವರ ಓದಿ.

ಕೈಯಲ್ಲೇ ಮಾಡಬಹುದೇ ಎಂದೂ ಕೆಲವರು ಕೇಳಿದ್ದಾರೆ. ಬಾಗಿಲ ಹಿಡಿಯ ಹಿಂದಿನ ಉಗುರುಗೀರು, ಕನ್ನಡಿಯ ಬುಡ, ನಂಬರ್ ಪ್ಲೇಟ್ ಸುತ್ತ, ಇಂಥ ಕಡೆ ಕೈಯೇ ಒಳ್ಳೆಯದು. ಪುಡಿಯಾದ ಒಂದೇ ಪದರದ ಬಣ್ಣವೂ ಕೈಗೆ ಒಲಿಯುತ್ತದೆ. ಆದರೆ ಕ್ಲಿಯರ್ ಕೋಟ್ ಇರುವ ಇಡೀ ಬಾನೆಟ್ ಅನ್ನು ಒಂದೇ ಸಮನಾಗಿ ಉಜ್ಜಲು ಕೈ ಸಾಲದು.

ಪ್ರಶ್ನೆ: ಮಷಿನ್, ಪ್ಯಾಡ್, ಕಾಂಪೌಂಡ್, ಪಾಲಿಶ್ ಎಲ್ಲ ತಂದಾಯಿತು. ಈಗ ಕೆಲಸ ಹೇಗೆ ಶುರುಮಾಡುವುದು ಎಂದು ಹಂತಹಂತವಾಗಿ ಹೇಳಿ.

ಉತ್ತರ: ಮೊದಲು ಮಾಸ್ಕಿಂಗ್ ಟೇಪ್. ಕಿಟಕಿಯ ರಬ್ಬರ್, ಕಪ್ಪು ಪ್ಲಾಸ್ಟಿಕ್ ಪಟ್ಟಿ, ಲೋಗೋ, ಹೆಡ್‌ಲೈಟ್ ಅಂಚು ಎಲ್ಲ ಮುಚ್ಚಿ. ಕಪ್ಪು ಪ್ಲಾಸ್ಟಿಕ್ ಮೇಲೆ ಒಣಗಿದ ಪಾಲಿಶ್‌ನ ಬಿಳಿ ಕಲೆ ಸುಲಭಕ್ಕೆ ಹೋಗುವುದಿಲ್ಲ. ಬಾನೆಟ್‌ನ ಏಣು, ಬಾಗಿಲಿನ ಅಂಚು, ಮೈಮೇಲಿನ ಚೂಪು ಗೆರೆ ಇವುಗಳ ಮೇಲೂ ಟೇಪ್ ಹಾಕಿ. ಹಸಿ ಬಣ್ಣ ಏಣಿನಿಂದ ಕೆಳಕ್ಕೆ ಜಾರುವುದರಿಂದ ಅಲ್ಲಿ ಪದರ ಮೊದಲೇ ತೆಳು. ಬಣ್ಣ ಸವೆದು ಒಳಗಿನ ಪ್ರೈಮರ್ (ಬಣ್ಣಕ್ಕೂ ಮೊದಲು ಹೊಡೆದ ತಳಪದರ) ಕಾಣಿಸಿಕೊಳ್ಳುವುದು ಹೆಚ್ಚಾಗಿ ಇಂಥ ಕಡೆಯೇ.

ಬಾನೆಟ್‌ನ ನಡುವೆ 45 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಚೌಕ ಗುರುತು ಮಾಡಿಕೊಳ್ಳಿ. ಇದು ಪರೀಕ್ಷೆಯ ಜಾಗ. ಎಲ್ಲಕ್ಕಿಂತ ಮೃದುವಾದ ಪಾಲಿಶ್ ಮತ್ತು ಮಧ್ಯಮ ಪ್ಯಾಡ್‌ನಿಂದ ಶುರುಮಾಡಿ. ಫಲಿತಾಂಶ ಸಾಲದಿದ್ದರೆ ಮಾತ್ರ ಮೊದಲು ಪ್ಯಾಡ್ ಬದಲಿಸಿ, ಆಮೇಲೆ ಕಾಂಪೌಂಡ್‌ಗೆ ಹೋಗಿ. ಈ ಒಂದು ಚೌಕದಲ್ಲಿ ಯಾವುದು ಕೆಲಸ ಮಾಡಿತೋ ಅದನ್ನೇ ಬರೆದಿಟ್ಟುಕೊಂಡು ಕಾರಿನ ಉಳಿದ ಭಾಗಕ್ಕೆ ಬಳಸಿ. ಈ ಹೆಜ್ಜೆಯನ್ನು ಬಿಟ್ಟು ನೇರವಾಗಿ ಗಡುಸು ಕಾಂಪೌಂಡ್ ಹಿಡಿಯುವವರೇ ಹೆಚ್ಚು, ಬೇಕಿಲ್ಲದ ಕಡೆ ಪದರ ಕಳೆದುಕೊಳ್ಳುವವರೂ ಅವರೇ.

ಹೊಸ ಪ್ಯಾಡ್‌ನ ಮುಖಕ್ಕೆಲ್ಲ ಬೆರಳಿನಿಂದ ಪಾಲಿಶ್ ತೆಳುವಾಗಿ ಸವರಿ. ಮೊದಲ ಸಲ ಮಾತ್ರ ಇಷ್ಟು ಬೇಕು. ಆಮೇಲೆ ಪ್ರತಿ ಚೌಕಕ್ಕೆ ಕಡಲೆಕಾಳಿನ ಗಾತ್ರದ 3 ಅಥವಾ 4 ಹನಿ ಸಾಕು. ಪ್ಯಾಡ್ ಅನ್ನು ಬಣ್ಣದ ಮೇಲಿಟ್ಟೇ ಸ್ವಿಚ್ ಹಾಕಿ. ಗಾಳಿಯಲ್ಲಿ ಹಾಕಿದರೆ ಪಾಲಿಶ್ ಮುಖಕ್ಕೂ ಗೋಡೆಗೂ ಎರಚುತ್ತದೆ. ನಿಲ್ಲಿಸುವಾಗಲೂ ಪ್ಯಾಡ್ ಪೂರ್ತಿ ನಿಂತ ಮೇಲೆ ಎತ್ತಿ. ವೈರ್ ಅನ್ನು ಹೆಗಲ ಮೇಲಿಂದ ಬೆನ್ನಿಗೆ ಹಾಕಿಕೊಂಡರೆ ಬಣ್ಣಕ್ಕೆ ತಾಗುವುದಿಲ್ಲ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು.

ವೇಗ 1 ಅಥವಾ 2ರಲ್ಲಿಟ್ಟು ಚೌಕದ ತುಂಬ ಹರಡಿ, ನಂತರ 4 ಅಥವಾ 5ಕ್ಕೆ ಏರಿಸಿ. ಕೈ ನಿಧಾನವಾಗಿ ಸಾಗಬೇಕು, ಸೆಕೆಂಡಿಗೆ ಸುಮಾರು 3 ಸೆಂಟಿಮೀಟರ್. ಅಂದರೆ ಚೌಕದ ಒಂದು ತುದಿಯಿಂದ ಇನ್ನೊಂದು ತುದಿಗೆ 15 ಸೆಕೆಂಡ್. ಪ್ರತಿ ಗೆರೆ ಹಿಂದಿನ ಗೆರೆಯ ಅರ್ಧವನ್ನು ಮುಚ್ಚಲಿ. ಒಂದು ಸಲ ಅಡ್ಡಡ್ಡ, ಮುಂದಿನ ಸಲ ಉದ್ದುದ್ದ. ಹೀಗೆ ಇಡೀ ಚೌಕವನ್ನು 4 ಸಲ ಮುಗಿಸಿದರೆ ಒಂದು ಸುತ್ತು. ಐದಾರು ನಿಮಿಷ ಹಿಡಿಯುತ್ತದೆ. ಹೊಸಬರ ಕೈ ಸಾಮಾನ್ಯವಾಗಿ ಇದರ ಎರಡು ಮೂರು ಪಟ್ಟು ವೇಗದಲ್ಲಿ ಓಡುತ್ತದೆ, ಆಮೇಲೆ ಪಾಲಿಶ್ ಕೆಲಸ ಮಾಡುತ್ತಿಲ್ಲ ಎಂಬ ದೂರು.

ಒತ್ತಡ 5ರಿಂದ 7 ಕಿಲೋ. ಅಂದಾಜು ಸಿಗದಿದ್ದರೆ ತೂಕದ ಯಂತ್ರದ ಮೇಲೆ ಪ್ಯಾಡ್ ಒತ್ತಿ ಅಭ್ಯಾಸ ಮಾಡಿ, ಸ್ವಿಚ್ ಹಾಕದೆ. ಬ್ಯಾಕಿಂಗ್ ಪ್ಲೇಟ್‌ನ ಪಕ್ಕಕ್ಕೆ ಕಪ್ಪು ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಮಷಿನ್ ಓಡುವಾಗ ಆ ಗೆರೆ ಸುತ್ತುತ್ತಿರುವುದು ಕಾಣಬೇಕು. ಗೆರೆ ಒಂದೇ ಕಡೆ ನಿಂತು ನಡುಗುತ್ತಿದ್ದರೆ ಪ್ಯಾಡ್ ತಿರುಗುತ್ತಿಲ್ಲ, ಬಣ್ಣಕ್ಕೆ ಏನೂ ಆಗುತ್ತಿಲ್ಲ. ಒಂದೋ ಒತ್ತಡ ಹೆಚ್ಚಾಗಿದೆ, ಇಲ್ಲವೇ ಪ್ಯಾಡ್ ಓರೆಯಾಗಿದೆ. ಬಾಗಿದ ಮೇಲ್ಮೈಯಲ್ಲಿ ಪ್ಯಾಡ್ ಸದಾ ಚಪ್ಪಟೆಯಾಗಿ ಕೂರುವಂತೆ ಮಣಿಕಟ್ಟನ್ನು ತಿರುಗಿಸುತ್ತಿರಬೇಕು, ಕೈಗೆ ಇದು ರೂಢಿಯಾಗಲು ಹೊತ್ತು ಹಿಡಿಯುತ್ತದೆ.

ಸುತ್ತು ಮುಗಿದ ಮೇಲೆ ಪಾಲಿಶ್ ತೆಳುವಾದ, ಪಾರದರ್ಶಕ ಎಣ್ಣೆಪೊರೆಯಂತೆ ಉಳಿದಿರಬೇಕು. ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಈಗ ಕಾಣುವ ಹೊಳಪನ್ನು ನಂಬಬೇಡಿ, ಪಾಲಿಶ್‌ನಲ್ಲಿರುವ ಎಣ್ಣೆ ಗೀರುಗಳನ್ನು ತುಂಬಿ ಮರೆಮಾಚುತ್ತದೆ. 99 ಶೇಕಡ ಐಸೊಪ್ರೊಪೈಲ್ ಆಲ್ಕೋಹಾಲ್ 15 ಮಿಲಿಲೀಟರ್‌ಗೆ 85 ಮಿಲಿಲೀಟರ್ ನೀರು ಬೆರೆಸಿ ಸಿಂಪಡಿಸಿ ಒರೆಸಿ. 70 ಶೇಕಡದ್ದಾದರೆ 20 ಮಿಲಿಲೀಟರ್‌ಗೆ 80 ನೀರು. ಆಮೇಲೆ ಟಾರ್ಚ್ ಅನ್ನು ಓರೆಯಾಗಿ ಹಿಡಿದು ನೋಡಿ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಗೀರು ಕಾಣುವುದಿಲ್ಲ, ಒಂದೇ ಬಿಂದುವಿನಿಂದ ಬರುವ ಬೆಳಕು ಬೇಕು.

ಪ್ರತಿ ಚೌಕದ ನಂತರ ಮೆತ್ತನೆಯ ಬ್ರಷ್‌ನಿಂದ ಪ್ಯಾಡ್ ಉಜ್ಜಿ ಕೊಳೆ ಉದುರಿಸಿ. ಮೂರು ನಾಲ್ಕು ಚೌಕಕ್ಕೆ ಪ್ಯಾಡ್ ಬದಲಿಸಿ. ಒಂದೇ ಪದರದ ಬಣ್ಣದಲ್ಲಿ ಪ್ಯಾಡ್ ಪೂರ್ತಿ ಕೆಂಪಾಗುವುದು ಸಹಜ, ಗಾಬರಿ ಬೇಡ. ಕೆಂಪಿನ ನಡುವೆ ಬೂದು ಅಥವಾ ಬಿಳಿ ಛಾಯೆ ಇಣುಕಿದರೆ ಮಾತ್ರ ತಕ್ಷಣ ನಿಲ್ಲಿಸಿ, ಅದು ಪ್ರೈಮರ್ ಹತ್ತಿರ ಬಂದ ಸೂಚನೆ. ಹೊಸಬರಿಗೆ ಒಂದು ಬಾನೆಟ್ ಮುಗಿಯಲು ಅರ್ಧ ದಿನವೇ ಬೇಕಾಗಬಹುದು. ಇಡೀ ಕಾರನ್ನು ಒಂದೇ ದಿನದಲ್ಲಿ ಮುಗಿಸುವ ಯೋಚನೆ ಬೇಡ, ದಣಿದ ಕೈ ಮಷಿನ್ ಅನ್ನು ಓರೆ ಹಿಡಿಯುತ್ತದೆ.

ಪ್ರಶ್ನೆ: ಪಾಲಿಶ್ ಒಣಗಿ ಅಂಟಿಕೊಳ್ಳುತ್ತಿದೆ, ಒರೆಸಿದರೆ ಬರುವುದಿಲ್ಲ. ಕೆಲವು ಕಡೆ ಹಿಟ್ಟಿನಂತೆ ಧೂಳು ಹಾರುತ್ತಿದೆ.

ಉತ್ತರ: ಅಂಟುವುದಕ್ಕೆ ಕಾರಣ ಹೆಚ್ಚಿನ ಪಾಲಿಶ್, ತುಂಬಿಕೊಂಡ ಪ್ಯಾಡ್ ಅಥವಾ ಬಿಸಿ ಲೋಹ. ಬಿಸಿಲಿನಿಂದ ಈಗಷ್ಟೇ ತಂದ ಕಾರಿನ ಮೇಲೆ ಕೆಲಸ ಮಾಡಬೇಡಿ. ಅಂಗೈ ಇಟ್ಟು ಆರಾಮಾಗಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ಕಾಯಿರಿ. ಧೂಳು ಹಾರುವುದು ಪಾಲಿಶ್ ಒಣಗಿದ ಮೇಲೂ ಉಜ್ಜುತ್ತಿರುವುದರಿಂದ. ಪ್ಯಾಡ್‌ಗೆ ಒಂದೇ ಒಂದು ಸಲ ನೀರು ಸಿಂಪಡಿಸಿ ಮುಂದುವರಿಯಿರಿ. ಅಂಟಿದ್ದನ್ನು ಉಗುರಿನಲ್ಲಿ ಕೆರೆಯಬೇಡಿ, ಅದರ ಮೇಲೆಯೇ ಒಂದು ಹನಿ ಹೊಸ ಪಾಲಿಶ್ ಹಾಕಿ ಕಡಿಮೆ ವೇಗದಲ್ಲಿ ಓಡಿಸಿದರೆ ಕರಗುತ್ತದೆ.

ಪ್ರಶ್ನೆ: ಕಪ್ಪು ಕಾರು. ಕಾಂಪೌಂಡ್ ಆದ ಮೇಲೆ ಹಳೆಯ ಗೀರು ಹೋಯಿತು, ಆದರೆ ಬಿಸಿಲಿನಲ್ಲಿ ತೆಳು ಮಂಜು ಕವಿದಂತೆ ಕಾಣುತ್ತದೆ. ಕೆಟ್ಟುಹೋಯಿತೇ?

ಉತ್ತರ: ಕೆಟ್ಟಿಲ್ಲ, ಕೆಲಸ ಅರ್ಧಕ್ಕೆ ನಿಂತಿದೆ. ಕಾಂಪೌಂಡ್‌ನ ದಪ್ಪ ಕಣ ದೊಡ್ಡ ಗೀರು ತೆಗೆದು ತನ್ನದೇ ಸಣ್ಣ ಗೀರು ಬಿಟ್ಟಿದೆ. ಗಾಢ ಬಣ್ಣದಲ್ಲಿ, ಅದರಲ್ಲೂ ಮೆದು ಬಣ್ಣದಲ್ಲಿ, ಅದು ಎದ್ದು ಕಾಣುತ್ತದೆ. ಮೆತ್ತನೆಯ ಪ್ಯಾಡ್, ನಯವಾದ ಫಿನಿಶಿಂಗ್ ಪಾಲಿಶ್, ವೇಗ 3 ಅಥವಾ 4, ಮಷಿನ್‌ನ ತೂಕ ಬಿಟ್ಟರೆ ಬೇರೆ ಒತ್ತಡವಿಲ್ಲ. ಕಾಂಪೌಂಡ್ ಮುಟ್ಟಿದ ಪ್ಯಾಡ್ ಆಗಲಿ, ಬಟ್ಟೆಯಾಗಲಿ ಈ ಹಂತಕ್ಕೆ ಬರಕೂಡದು.

ಪ್ರಶ್ನೆ: ಹಕ್ಕಿ ಹಿಕ್ಕೆಯ ಗುರುತು, ನೀರಿನ ಹನಿ ಒಣಗಿದ ಬಿಳಿ ಉಂಗುರ, ಯಾರೋ ಕೀಲಿಯಿಂದ ಎಳೆದ ಗೀರು: ಇವೆಲ್ಲ ಹೋಗುತ್ತವೆಯೇ?

ಉತ್ತರ: ಕೀಲಿಯ ಗೀರಿನ ಮೇಲೆ ಉಗುರನ್ನು ಅಡ್ಡವಾಗಿ ಎಳೆಯಿರಿ. ಸಿಕ್ಕಿಕೊಂಡರೆ ಅದು ಪಾಲಿಶ್‌ಗೆ ಹೋಗುವಂಥದ್ದಲ್ಲ. ಅದರ ಅಂಚನ್ನು ಸ್ವಲ್ಪ ನಯಮಾಡಿ ಕಣ್ಣಿಗೆ ಕಡಿಮೆ ಕಾಣುವಂತೆ ಮಾಡಬಹುದು ಅಷ್ಟೆ. ನೀರಿನ ಉಂಗುರಕ್ಕೆ ಮೊದಲು ವಿನೆಗರ್ ಮತ್ತು ಶುದ್ಧ ನೀರನ್ನು ಸಮಸಮ ಬೆರೆಸಿ ಬಟ್ಟೆಯಲ್ಲಿ ಒಂದೆರಡು ನಿಮಿಷ ಒತ್ತಿಟ್ಟು ತೊಳೆಯಿರಿ. ಬರೀ ಲವಣವಾಗಿದ್ದರೆ ಅಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ಬಣ್ಣವನ್ನೇ ಕೊರೆದಿದೆ, ಪಾಲಿಶ್ ಬೇಕು. ಹಿಕ್ಕೆಯ ಗುರುತು ಆಳವಾಗಿದ್ದರೆ ಎರಡು ಸುತ್ತಿಗೆ ನಿಲ್ಲಿಸಿ. ಒಂದೇ ಜಾಗದಲ್ಲಿ ಉಜ್ಜುತ್ತ ಕೂತರೆ ಹಿಕ್ಕೆಯ ಗುರುತಿನ ಬದಲು ಸವೆದ ಗುಂಡಿ ಉಳಿಯುತ್ತದೆ. 2000, 3000 ನಂಬರಿನ ನಯವಾದ ಮರಳುಕಾಗದ ಹಿಡಿಯುವ ಕೆಲಸವನ್ನು ಮೊದಲ ಕಾರಿನಲ್ಲಿ ಕಲಿಯಬೇಡಿ.

ಪ್ರಶ್ನೆ: ಟೂತ್‌ಪೇಸ್ಟ್, ಸೀಮೆಎಣ್ಣೆ ಹಚ್ಚಿ ಒರೆಸಿದರೂ ಹೊಳೆಯುತ್ತದಲ್ಲ?

ಉತ್ತರ: ಎಣ್ಣೆ ಗೀರನ್ನು ತುಂಬಿ ಹೊಳೆಯುವಂತೆ ತೋರಿಸುತ್ತದೆ, ತೊಳೆದರೆ ಮತ್ತೆ ಮೊದಲಿನಂತೆ. ಮೇಲಾಗಿ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಮುಂದಿನ ಸಲ ಒರೆಸುವಾಗ ಅದೇ ಧೂಳು ಗೀರುತ್ತದೆ. ಟೂತ್‌ಪೇಸ್ಟ್‌ನಲ್ಲಿ ಉಜ್ಜುವ ಕಣ ಇದೆ ನಿಜ, ಆದರೆ ಅದನ್ನು ಕಾರಿನ ಬಣ್ಣಕ್ಕೆಂದು ಮಾಡಿಲ್ಲ. ಎರಡೂ ಬೇಡ.

ಪ್ರಶ್ನೆ: ಬಂಪರ್‌ಗೆ ಈಚೆಗೆ ಹೊಸ ಬಣ್ಣ ಹೊಡೆಸಿದೆ. ಅದನ್ನೂ ಸೇರಿಸಿ ಪಾಲಿಶ್, ವ್ಯಾಕ್ಸ್ ಮಾಡಬಹುದೇ?

ಉತ್ತರ: ಹೊಸ ಬಣ್ಣ ಪೂರ್ತಿ ಆರಲು ಸಮಯ ಬೇಕು. ವ್ಯಾಕ್ಸ್ ಅಥವಾ ಸೀಲೆಂಟ್‌ಗೆ (ಬಣ್ಣ ಕಾಯಲು ಮೇಲೆ ಹಚ್ಚುವ ಲೇಪ) 30ರಿಂದ 90 ದಿನ ಕಾಯುವುದು ರೂಢಿ. ಬಣ್ಣ ಹೊಡೆದವರು ಬಳಸಿದ ಪೇಂಟ್‌ಗೆ ಎಷ್ಟು ದಿನ ಎಂದು ಅವರನ್ನೇ ಕೇಳಿ. ಬಂಪರ್ ಪ್ಲಾಸ್ಟಿಕ್, ಲೋಹದ ಹಾಗೆ ಕಾವನ್ನು ಹರಡಿಬಿಡುವುದಿಲ್ಲ, ಕಾವೆಲ್ಲ ಬಣ್ಣದಲ್ಲೇ ನಿಲ್ಲುತ್ತದೆ. ಪಾಲಿಶ್ ಮಾಡುವ ದಿನ ಬಂದಾಗ ವೇಗ 3ಕ್ಕಿಂತ ಮೇಲೆ ಬೇಡ, ಎರಡು ಸಲ ಓಡಿಸಿ ಕೈಯಿಟ್ಟು ನೋಡಿ, ಬಿಸಿಯಾಗಿದ್ದರೆ ಬಿಟ್ಟು ಬೇರೆ ಕಡೆ ಹೋಗಿ. ಮ್ಯಾಟ್ ಬಣ್ಣದ ಕಾರುಗಳಿಗಂತೂ ಪಾಲಿಶ್ ಮುಟ್ಟಿಸಲೇಬಾರದು, ಉಜ್ಜಿದ ಕಡೆ ಮಾತ್ರ ಹೊಳೆಯುವ ಮಚ್ಚೆ ಶಾಶ್ವತವಾಗಿ ಉಳಿಯುತ್ತದೆ.

ಪ್ರಶ್ನೆ: ಪಾಲಿಶ್ ಆದ ಮೇಲೆ ಏನು ಹಚ್ಚಲಿ? ಇನ್ನೊಮ್ಮೆ ಪಾಲಿಶ್ ಯಾವಾಗ?

ಉತ್ತರ: ಏನಾದರೂ ಹಚ್ಚಲೇಬೇಕು. ಅದರಲ್ಲೂ ಒಂದೇ ಪದರದ ಬಣ್ಣವನ್ನು ಹಾಗೇ ಬಿಟ್ಟರೆ ಮತ್ತೆ ಪುಡಿಯಾಗಲು ಬಹಳ ಕಾಲ ಬೇಡ. ಕಾರ್ನೂಬಾ ವ್ಯಾಕ್ಸ್ ಒಂದೆರಡು ತಿಂಗಳು ಇರುತ್ತದೆ, ಪಾಲಿಮರ್ ಸೀಲೆಂಟ್ ಸುಮಾರು 4ರಿಂದ 6 ತಿಂಗಳು. ಮೊದಲ ಸಲಕ್ಕೆ ನಮ್ಮ ಆಯ್ಕೆ ಸೀಲೆಂಟ್. ಸೆರಾಮಿಕ್ ಕೋಟಿಂಗ್ ಹೆಚ್ಚು ಬಾಳುತ್ತದೆ ನಿಜ, ಆದರೆ ಉಳಿದ ಗೀರುಗಳೂ ಅದರಡಿ ಉಳಿಯುತ್ತವೆ. ಹಚ್ಚುವಾಗ ಒಂದು ಕಡೆ ಹೆಚ್ಚು ಬಿಟ್ಟು ಒರೆಸದೆ ಹೋದರೆ ಗಟ್ಟಿಯಾಗಿ ಕೂತು, ತೆಗೆಯಲು ಮತ್ತೆ ಪಾಲಿಶ್ ಮಾಡಬೇಕಾಗುತ್ತದೆ. ಸೀಲೆಂಟ್ ಅನ್ನು ಆಲ್ಕೋಹಾಲ್‌ನಲ್ಲಿ ಒರೆಸಿದ ಬಣ್ಣದ ಮೇಲೆ, ಕಂಡೂ ಕಾಣದಷ್ಟು ತೆಳುವಾಗಿ ಹಚ್ಚಿ. ದಪ್ಪ ಹಚ್ಚಿದರೆ ಒರೆಸುವ ಕಷ್ಟ ಹೆಚ್ಚುತ್ತದೆಯೇ ಹೊರತು ಬಾಳಿಕೆ ಹೆಚ್ಚುವುದಿಲ್ಲ.

ಪೂರ್ತಿ ಪಾಲಿಶ್ ಅನ್ನು ವರ್ಷಕ್ಕೊಮ್ಮೆ ಎಂದು ಅಭ್ಯಾಸ ಮಾಡಿಕೊಳ್ಳಬೇಡಿ. ಹೊಸ ಗೀರು ಬೀಳುವುದು ಮುಖ್ಯವಾಗಿ ತೊಳೆಯುವಾಗ ಮತ್ತು ಒಣಧೂಳನ್ನು ಬಟ್ಟೆಯಿಂದ ಒರೆಸುವಾಗ. ಧೂಳಿದ್ದರೆ ಮೊದಲು ನೀರು ಹರಿಸಿ, ಆಮೇಲೆ ಬಟ್ಟೆ ಮುಟ್ಟಿಸಿ. ಪಾತ್ರೆ ತೊಳೆಯುವ ಸೋಪು ಹಚ್ಚಿದ ಸೀಲೆಂಟ್ ಅನ್ನು ಬೇಗ ಸವೆಸುತ್ತದೆ, ಕಾರಿನ ಶಾಂಪೂವನ್ನೇ ಬಳಸಿ. ಮೈಕ್ರೋಫೈಬರ್ ಬಟ್ಟೆಗಳನ್ನು ಹತ್ತಿ ಬಟ್ಟೆಯ ಜೊತೆ ಒಗೆಯಬೇಡಿ, ಹತ್ತಿಯ ನೂಲು ಅಂಟಿಕೊಳ್ಳುತ್ತದೆ. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ. ಪ್ಯಾಡ್‌ಗಳನ್ನು ಅದೇ ದಿನ ಸೌಮ್ಯ ಸೋಪಿನ ನೀರಿನಲ್ಲಿ ಹಿಸುಕಿ ತೊಳೆದು, ಫೋಮ್ ಕೆಳಮುಖವಾಗಿರುವಂತೆ ಜಾಳಿಗೆಯ ಮೇಲೆ ನೆರಳಿನಲ್ಲಿ ಒಣಗಿಸಿ. ಮೇಲ್ಮುಖವಾಗಿಟ್ಟರೆ ನೀರು ಇಳಿದು ಹಿಂಬದಿಯ ಅಂಟಿನಲ್ಲಿ ನಿಲ್ಲುತ್ತದೆ, ಮುಂದಿನ ಸಲ ಪ್ಯಾಡ್ ಓಡುವಾಗಲೇ ಬಿಚ್ಚಿಕೊಳ್ಳಬಹುದು.